ಹೂವಿರುವಾಗ ಪಂಪು ಕೆಳಗಿಡಿ

ಚೀನಾದ ಸಿಚುವಾನ್ ಪ್ರಾಂತ್ಯದ ಹಾನ್‌ಯುವಾನ್‌ನಲ್ಲಿ ವಸಂತ ಬಂತೆಂದರೆ ಜನ ಮರ ಹತ್ತುತ್ತಾರೆ. ಕೈಯಲ್ಲಿ ಬಿದಿರುಕಡ್ಡಿ, ಅದರ ತುದಿಗೆ ಕೋಳಿಪುಕ್ಕ, ಜೊತೆಗೆ ಪರಾಗ ತುಂಬಿದ ಪುಟ್ಟ ಡಬ್ಬಿ. ಪೇರ್ ಮರದ (ನಮ್ಮ ಪೇರಲವಲ್ಲ, ಮರಸೇಬು) ಹೂಹೂವಿಗೂ ಪುಕ್ಕ ತಾಕಿಸಬೇಕು. ದಿನವಿಡೀ ಬೆವರು ಸುರಿಸಿದರೂ ಒಬ್ಬರಿಂದ ಆಗುವುದು 5ರಿಂದ 10 ಮರ. ಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ 1980ರ ದಶಕದಿಂದ ಅಲ್ಲಿ ಕೂಲಿ ಕೊಡುತ್ತಿದ್ದಾರೆ.

ಆ ಚಿತ್ರ ನೋಡಿ ‘ಅಯ್ಯೋ, ಜೇನುಸಂತತಿಯೇ ಅಳಿಯಿತು’ ಎಂದು ಮರುಗುವವರು ಅರ್ಧ ಕಥೆ ಕೇಳಿದ್ದಾರೆ. ಪೇರ್ ತನ್ನದೇ ತಳಿಯ ಪರಾಗವನ್ನು ಒಲ್ಲದು. ಬೆಳೆಗಾರರೋ, ಹೆಚ್ಚು ಬೆಲೆ ತರುವ ತಳಿಯನ್ನೇ ತುಂಬಿ ಪರಾಗ ಕೊಡುವ ಮರಗಳಿಗೆ ಜಾಗ ಉಳಿಸಲಿಲ್ಲ. ಅದರ ಮೇಲೆ ಔಷಧಿ ಹೊಡೆದರು; ಪೆಟ್ಟಿಗೆ ತರಲು ಜೇನು ಸಾಕುವವರೇ ಹೆದರುವಷ್ಟು ಹೊಡೆದರು.

ಪೇರ್ ಹೂವಿನ ಅಂಡಾಶಯದಲ್ಲಿ 5 ಕೋಣೆ, ಕೋಣೆಗೆ ಎರಡರಂತೆ 10 ಬೀಜಕ್ಕೆ ಅವಕಾಶ. ಬೀಜ ಕಟ್ಟದ ಮಗ್ಗುಲು ತುಂಬಿಕೊಳ್ಳದೆ ಕಾಯಿ ಸೊಟ್ಟಗಾಗುತ್ತದೆ. ಮಕರಂದವೂ ಸಪ್ಪೆ, ಪಕ್ಕದಲ್ಲಿ ಸಾಸಿವೆ ಅರಳಿದ್ದರೆ ಜೇನು ಅತ್ತಲೇ ಹೊರಡುತ್ತದೆ. ಇಷ್ಟು ಬಿಗುಮಾನದ ಹೂವಿನ ಬಳಿ ಸುಳಿದ ನಾಲ್ಕು ಜೇನಿಗೂ ವಿಷವಿಡುವುದೇ?

ಚೀನಾದ ಗೋಳು ನಮಗೇಕೆ ಎನ್ನಬೇಡಿ. ಕೊಡಗಿನ ರೊಬಸ್ಟಾ ಕಾಫಿಗೂ ತನ್ನ ಪರಾಗ ಆಗಿಬರದು. ಹೂಮಳೆ ಬಿದ್ದು ತೋಟ ಬೆಳ್ಳಗಾದ ಆ ಕೆಲವೇ ದಿನ ಹೆಜ್ಜೇನು, ತುಡುವೆಗಳ ಓಡಾಟದ ಮೇಲೂ ಫಸಲು ನಿಂತಿದೆ. ಸೂರ್ಯಕಾಂತಿ, ಸೌತೆ, ಕುಂಬಳಕ್ಕೂ ಅವೇ ಬೇಕು. ಹಿತ್ತಲ ಕುಂಬಳದ ಹೆಣ್ಣುಹೂವಿಗೆ ಗಂಡುಹೂ ತಾಕಿಸುವ ಅಜ್ಜಿಯನ್ನು ಕಂಡಿದ್ದೇವೆ, ಅದು ನಾಲ್ಕು ಬಳ್ಳಿಯ ಮಾತು. ನಾಲ್ಕು ಎಕರೆಗೆ ಎಷ್ಟು ಅಜ್ಜಿಯರನ್ನು ಕರೆತರುತ್ತೀರಿ?

ಅಣ್ಣಂದಿರೇ, ಅಕ್ಕಂದಿರೇ, ಮೊದಲು ಆ ‘ಔಷಧಿ’ ಎಂಬ ಮಾತು ಬಿಡೋಣ. ಅದು ವಿಷ, ವಿಷವೆಂದೇ ಕರೆಯೋಣ. ಮೊಗ್ಗು ಬಿರಿದದ್ದರಿಂದ ಕಾಯಿ ಕಚ್ಚುವವರೆಗೆ ಅದನ್ನು ತೋಟದೊಳಗೆ ತರಬೇಡಿ. ಬೇರೆ ದಾರಿಯೇ ಇಲ್ಲವೆಂದಾದರೆ ಜೇನು ಗೂಡು ಸೇರಿದ ಮೇಲೆ, ಕತ್ತಲಾಗುವ ಹೊತ್ತಿಗೆ ಹೊಡೆಯಿರಿ. ನೆರೆಯ ತೋಟದಲ್ಲಿ ಪೆಟ್ಟಿಗೆಗಳಿದ್ದರೆ ಹಿಂದಿನ ದಿನವೇ ಹೇಳಿ ಕಳಿಸಿ. ಅಂಗಡಿಯವರೇ, ಬಾಟಲಿ ಕೊಡುವ ಮುನ್ನ ‘ಗಿಡ ಹೂವಲ್ಲಿದೆಯಾ?’ ಎಂದೊಂದು ಮಾತು ಕೇಳಲು ನಿಮಗೇನು ಕಷ್ಟ? ಪೇಟೆಯವರೇ, ಒಂದು ಚುಕ್ಕೆ ಕಂಡರೆ ಹಣ್ಣನ್ನು ಬದಿಗೆಸೆಯುವ ನಿಮ್ಮ ಕೈಯೂ ಆ ಪಂಪನ್ನು ಒತ್ತುತ್ತಿದೆ.

ನಾಳೆ ಬೆಳಗ್ಗೆ ಪಂಪು ಹೆಗಲಿಗೇರಿಸುವ ಮೊದಲು ಗಿಡದ ಬುಡದಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಮೇಲಿಂದ ಗುಂಯ್ ಎಂಬ ಸದ್ದು ಕೇಳಿಸಿತೇ? ಪಂಪನ್ನು ಅಲ್ಲೇ ಕೆಳಗಿಟ್ಟು ಮನೆಗೆ ಹೋಗಿ.