ವಿಮಾನದಿಂದ ಇಳಿದ ಬಡವನ ದಾರಿ

ದೇವನಹಳ್ಳಿಯ ಬಳಿ 2008ನೆಯ ಇಸವಿಯ ಮೇ ತಿಂಗಳಿನಲ್ಲಿ ತೆರೆದ ಬೆಂಗಳೂರಿನ ವಿಮಾನ ನಿಲ್ದಾಣವು ಇಂದು ಭರತಖಂಡದ ಅತ್ಯಂತ ಜನನಿಬಿಡವಾದ ನಿಲ್ದಾಣಗಳಲ್ಲಿ ಒಂದಾಗಿರುವುದು. 2024-25ನೆಯ ಸಾಲಿನಲ್ಲಿ ಅದರ ಮೂಲಕ ಹೋಗಿಬಂದ ಪ್ರಯಾಣಿಕರ ಸಂಖ್ಯೆಯು 4 ಕೋಟಿಯನ್ನು ಮೀರಿತು. ಇದನ್ನು ಕೇಳಿ ಹೆಮ್ಮೆಪಡದ ಕನ್ನಡಿಗನಿಲ್ಲ. ಆದರೆ ನಿಲ್ದಾಣದ ಹಿರಿಮೆಯನ್ನು ಅಳೆಯತಕ್ಕ ಕೋಲು ಅದರ ಚಾವಣಿಯ ಎತ್ತರವಲ್ಲ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದವನು ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ ಊರೊಳಕ್ಕೆ ಹೇಗೆ ತಲುಪುವನೆಂಬುದೇ ನಿಜವಾದ ಅಳತೆಯು.

ವಿಮಾನದಲ್ಲಿ ಬರುವವನು ಬಡವನೇ ಎಂದು ಕೆಲವು ಮಹನೀಯರು ಕೇಳಬಹುದು. ಕೊಲ್ಲಿಯ ದೇಶಗಳಲ್ಲಿ ಬೆವರು ಸುರಿಸಿ ಊರಿಗೆ ಮರಳುವ ಕೂಲಿಕಾರನೂ, ಮೊದಲ ನೌಕರಿಯ ಸಂದರ್ಶನಕ್ಕೆಂದು ಬರುವ ತರುಣನೂ, ಮಗನನ್ನು ನೋಡಲು ದೂರದೂರಿನಿಂದ ಬರುವ ಮುದುಕಿಯೂ ಶ್ರೀಮಂತರೇನು? ಸಾಮಾನ್ಯ ನಾಗರಿಕನೂ ಹಾರಲೆಂದು ಕೇಂದ್ರ ಸರಕಾರವೇ 2016ರಲ್ಲಿ ‘ಉಡಾನ್’ ಯೋಜನೆಯನ್ನು ಸಾರಿತು. ಹೀಗೆ ಆಕಾಶಕ್ಕೆ ಏರಿಸಿದವನನ್ನು ನೆಲದ ಮೇಲೆ ಕೈಬಿಡುವುದು ನ್ಯಾಯವಲ್ಲ. ಇದಲ್ಲದೆ ನಿಲ್ದಾಣದಲ್ಲಿ ಕಸ ಗುಡಿಸುವ, ಸಾಮಾನು ಹೊರುವ, ಕಾವಲು ಕಾಯುವ ಸಾವಿರಾರು ಜನರು ಎಂದೂ ವಿಮಾನವನ್ನು ಏರದೆಯೇ ದಿನವೂ ಇದೇ ದಾರಿಯನ್ನು ತುಳಿಯುವರೆಂಬುದನ್ನು ಮರೆಯಲಾಗದು.

ಬಾಡಿಗೆಯ ಮೋಟಾರಿನವರು ಊರೊಳಕ್ಕೆ ಬರಲು ಸಾವಿರ ರೂಪಾಯಿಯ ಸುತ್ತಮುತ್ತ ಕೇಳುವರು. ಹೊತ್ತಲ್ಲದ ಹೊತ್ತಿನಲ್ಲಿ ಅದಕ್ಕೂ ಮೇಲೆ. ಇಂಥಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯವರು ನಿಲ್ದಾಣವು ತೆರೆದ ವರ್ಷದಿಂದಲೇ ನಡೆಸಿಕೊಂಡು ಬಂದಿರುವ ‘ವಾಯುವಜ್ರ’ ಬಸ್ಸುಗಳು ಜನರಿಗೆ ಮಹೋಪಕಾರವನ್ನು ಮಾಡಿವೆ. ನಿಲ್ದಾಣದ ಹೊರಬಾಗಿಲ ಎದುರಿಗೇ ಹತ್ತಿ, ಆ ಬಾಡಿಗೆಯ ಮೂರನೆಯ ಒಂದು ಪಾಲಿಗೂ ಹೆಚ್ಚಾಗದ ಖರ್ಚಿನಲ್ಲಿ, ಹೆಬ್ಬಾಳ, ಮೇಖ್ರಿ ವೃತ್ತಗಳ ಮೇಲಿಂದ ಮೆಜೆಸ್ಟಿಕ್ಕನ್ನು ಸೇರಬಹುದು. ಹಗಲಿರುಳೆನ್ನದೆ ಈ ಮಾರ್ಗದಲ್ಲಿ ಬಸ್ಸು ದೊರೆಯುವುದು. ಮೆಜೆಸ್ಟಿಕ್ಕಿನಲ್ಲಿ ರೈಲು, ಮೆಟ್ರೋ, ಹೊರಊರಿನ ಬಸ್ಸು ಮೂರೂ ಒಂದೆಡೆಯಲ್ಲಿರುವುದರಿಂದ ಹೊಸಬನಿಗೆ ಇದಕ್ಕಿಂತ ಉತ್ತಮವಾದ ದಾರಿ ಬೇರೊಂದಿಲ್ಲವೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ಅನುಕೂಲಸ್ಥರೂ ಇದನ್ನು ಬಳಸತಕ್ಕದ್ದು. ಅಧಿಕಾರಿಗಳು ತಾವೇ ಒಮ್ಮೆ ಇದರಲ್ಲಿ ಕುಳಿತು ಬಂದರೆ ಅನೇಕ ಲೋಪಗಳು ತಾವಾಗಿಯೇ ತಿದ್ದಲ್ಪಡುವುವು.

ಆ ಲೋಪಗಳಾವುವು? ವಾಯುವಜ್ರವು ತಂಪುಗಾಳಿಯ ಬಸ್ಸು. 2023ರ ಜೂನ್ ತಿಂಗಳಿನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಂತೆ ನಮ್ಮ ನಾಡಿನ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ದೊರೆತಿರುವ ಉಚಿತ ಪ್ರಯಾಣವು ಇದಕ್ಕೆ ಅನ್ವಯಿಸದು. ದೇವನಹಳ್ಳಿಗೆ ಹೋಗುವ ಸಾಮಾನ್ಯ ಬಸ್ಸುಗಳೋ ಬಳ್ಳಾರಿ ಹೆದ್ದಾರಿಯಲ್ಲೇ ಸಾಗಿಹೋಗುವುವು. ಹೆದ್ದಾರಿಯಿಂದ ನಿಲ್ದಾಣದ ಬಾಗಿಲಿಗೆ ಕೆಲವು ಕಿಲೋಮೀಟರುಗಳ ದೂರವಿದೆ. ಬಡ ಕೆಲಸಗಾತಿಗೆ ಸರಕಾರವು ಒಂದು ಕೈಯಿಂದ ಕೊಟ್ಟದ್ದು ಈ ಕೊನೆಯ ದಾರಿಯಲ್ಲಿ ಕೈಗೆಟುಕದಂತಾಗಿದೆ.

ಇನ್ನು ರೈಲಿನ ವಿಷಯ. ಸಂಸ್ಥಾನದ ಕಾಲದಲ್ಲಿ ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹಾಕಿದ ಕಿರುಹಳಿಯು ಈಗ ದೊಡ್ಡಹಳಿಯಾಗಿದೆ. 2021ರ ಜನವರಿಯಲ್ಲಿ ಅದೇ ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ತಂಗುನಿಲ್ದಾಣವನ್ನು ತೆರೆಯಲಾಯಿತು. ಟಿಕೆಟ್ಟಿನ ಬೆಲೆಯು ಬಸ್ಸಿನದರ ಒಂದು ಸಣ್ಣ ಅಂಶ ಮಾತ್ರ. ಆದರೆ ಗಾಡಿಗಳು ಬೆರಳೆಣಿಕೆಯಷ್ಟು. ತಂಗುನಿಲ್ದಾಣದಿಂದ ವಿಮಾನದ ಬಾಗಿಲಿಗೆ ಮತ್ತೊಂದು ಬಸ್ಸನ್ನು ಕಾಯಬೇಕು. ಗಾಡಿಯ ಹೊತ್ತು ಕೆಲಸಗಾರರ ಸರತಿಗೂ ವಿಮಾನಗಳ ವೇಳೆಗೂ ಹೊಂದದಿದ್ದರೆ ಅಗ್ಗದ ಟಿಕೆಟ್ಟಿನಿಂದ ಫಲವೇನು? ಮದರಾಸಿನಲ್ಲಿ ವಿಮಾನ ನಿಲ್ದಾಣದ ಎದುರಿನಲ್ಲೇ ತಿರುಸೂಲಂ ರೈಲು ನಿಲ್ದಾಣವಿದ್ದು, ನಗರದ ರೈಲುಗಳು ದಿನವಿಡೀ ಅಲ್ಲಿ ನಿಲ್ಲುವುವು. 2016ರಲ್ಲಿ ಮೆಟ್ರೋ ಕೂಡ ಅಲ್ಲಿಗೆ ಬಂದಿತು. ದಿಲ್ಲಿಯ ನಿಲ್ದಾಣಕ್ಕೆ 2011ರಲ್ಲೇ ಮೆಟ್ರೋ ಬಂದಿತು. ಬೆಂಗಳೂರಿನ ನಿಲ್ದಾಣದ ಮೆಟ್ರೋ ಮಾರ್ಗಕ್ಕೆ ಕೇಂದ್ರದ ಒಪ್ಪಿಗೆ ದೊರೆತದ್ದು 2021ರ ಏಪ್ರಿಲ್ ತಿಂಗಳಿನಲ್ಲಿ, ಅಂದರೆ ನಿಲ್ದಾಣವು ತೆರೆದ ಹದಿಮೂರು ವರ್ಷಗಳ ಮೇಲೆ. ಮನೆಯನ್ನು ಕಟ್ಟಿ ಮುಗಿಸಿದ ಮೇಲೆ ಬಾಗಿಲನ್ನು ಎಲ್ಲಿ ಇಡೋಣವೆಂದು ಯೋಚಿಸಿದಂತಾಯಿತು ಇದು.

ಮೆಟ್ರೋ ಬಂದರೆ ಎಲ್ಲವೂ ಸರಿಹೋಗುವುದೆಂದು ಸುಮ್ಮನಿರುವುದು ತಪ್ಪು. ಇಂದೇ ಮಾಡಬಹುದಾದ ಕೆಲಸಗಳು ಮೂರಿವೆ. ಮೊದಲನೆಯದಾಗಿ, ಸಾಮಾನ್ಯ ದರದ ಬಸ್ಸುಗಳು ಸಾಕಷ್ಟು ಸಂಖ್ಯೆಯಲ್ಲಿ ನಿಲ್ದಾಣದ ಬಾಗಿಲಿನವರೆಗೆ ಬರಲಿ. ಎರಡನೆಯದಾಗಿ, ರೈಲ್ವೆಯವರೂ ನಿಲ್ದಾಣದವರೂ ಒಂದೆಡೆ ಕುಳಿತು ಗಾಡಿಯ ವೇಳೆಯನ್ನೂ ಜೋಡಿ ಬಸ್ಸಿನ ವೇಳೆಯನ್ನೂ ಹೊಂದಿಸಲಿ. ಮೂರನೆಯದಾಗಿ, ಹೊರಗೆ ಕಾಲಿಟ್ಟೊಡನೆ ಬಸ್ಸಿನ ಮಾರ್ಗ, ವೇಳೆ, ದರಗಳು ದೊಡ್ಡ ಕನ್ನಡ ಅಕ್ಷರಗಳಲ್ಲಿ ಕಣ್ಣಿಗೆ ಬೀಳಲಿ. ಇದಕ್ಕೆ ಸಂಸ್ಥೆಗೆ ನಷ್ಟವಾಗುವುದೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಆದರೆ ಆ ನಿಲ್ದಾಣವು ನಿಂತಿರುವುದು ದೇವನಹಳ್ಳಿಯ ಸೀಮೆಯ ರೈತರಿಂದ ಪಡೆದ ಸುಮಾರು 4 ಸಾವಿರ ಎಕರೆ ನೆಲದ ಮೇಲೆ. ಜನರ ನೆಲವನ್ನು ಪಡೆದ ಸಂಪತ್ತು ಜನರ ದಾರಿಗೆ ಸ್ವಲ್ಪ ವ್ಯಯವಾದರೆ ಅದು ದಾನವಲ್ಲ, ಋಣವನ್ನು ತೀರಿಸುವುದು.

1917ರಲ್ಲಿ ಮಹಾತ್ಮಾ ಗಾಂಧಿಯವರು ರೈಲಿನ ಮೂರನೆಯ ತರಗತಿಯ ಪ್ರಯಾಣಿಕರ ಕಷ್ಟಗಳನ್ನು ತಾವೇ ಅನುಭವಿಸಿ ಬರೆದರು. ವಿಮಾನಕ್ಕೆ ಮೂರನೆಯ ತರಗತಿಯಿಲ್ಲ. ಅದು ನಿಲ್ದಾಣದ ಹೊರಬಾಗಿಲಿನಲ್ಲಿ ಪ್ರಾರಂಭವಾಗುವುದು. ಆ ಬಾಗಿಲಿನಲ್ಲಿ 2022ರ ನವೆಂಬರ್ ತಿಂಗಳಿನಿಂದ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆಯು ನಿಂತಿದೆ. ಯಲಹಂಕ ನಾಡಿನ ಆ ಪ್ರಭುವು ಪೇಟೆಗಳನ್ನು ಕಟ್ಟಿ ಎಲ್ಲ ಕಸುಬಿನವರನ್ನೂ ಊರೊಳಕ್ಕೆ ಕರೆತಂದವನು. ಅವನ ಹೆಸರನ್ನು ಹೊತ್ತ ನಿಲ್ದಾಣದಿಂದ ಅವನ ಊರಿಗೆ ಬಡವನು ಮರ್ಯಾದೆಯಿಂದ ತಲುಪುವಂತಾದರೆ, ಅದೇ ಆತನಿಗೆ ಸಲ್ಲತಕ್ಕ ಗೌರವವು.