ರೋಗ ಪೆಟ್ಟಿಗೆಗೆ, ಮದ್ದು ಪ್ಲಾನಿಗೆ, ಬರೆ ಕನ್ನಡಿಗನಿಗೆ!



ನಿಮ್ಮ ಮನೆಯ ಚಾವಡಿಯಲ್ಲಿ ದೀಪ ಮಿಣುಕಿಸುತ್ತಾ ಕೂತಿರುವ ಆ ರೌಟರ್ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ. ಬೆನ್ನ ತುಂಬ ಸಾಲು ಸಾಲು ಬರಹ. ಅದರಲ್ಲಿ ಒಂದಾದರೂ ಕನ್ನಡ ಅಕ್ಷರ ಇದೆಯೇ? ಡಬ್ಬದ ಮೇಲೆ? ಒಳಗಿಟ್ಟ ಚೀಟಿಯಲ್ಲಿ? ದುಡ್ಡು ಮಾತ್ರ ಕನ್ನಡಿಗರದ್ದು!

"ಅಕ್ಷರ ಇದ್ದರೆ ನೆಟ್ ಜೋರಾಗಿ ಓಡುತ್ತದೆಯೇ?" ಎಂದು ನಗುವ ಬುದ್ಧಿವಂತರಿದ್ದಾರೆ. ಅವರು ಹೂಡೆಗೆ ಬರಲಿ.

ಒಂದು ಕಡೆ ಸ್ವರ್ಣಾ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ನಮ್ಮ ಹೂಡೆ. ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಗಲ್ಫಿನಲ್ಲಿದ್ದಾರೆ. ತಾಯಿ ಮಗನ ಮುಖ ನೋಡುವುದು ವಿಡಿಯೋ ಕರೆಯಲ್ಲಿ. ಆ ಮುಖ ನಡುವೆಯೇ ಕಲ್ಲಾಗಿ ನಿಲ್ಲುತ್ತದೆ, ಮಾತು ತುಂಡಾಗುತ್ತದೆ. ಫೋನ್ ಮಾಡಿ ದೂರಿದರೆ ಅತ್ತ ಕಡೆಯಿಂದ ಹಿಂದಿ, ಇಲ್ಲವೇ ಇಂಗ್ಲಿಷ್. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಇರಲಿ, ಆ ತಾಯಿ ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ. ಕೊನೆಗೆ ಅರ್ಥವಾಗುವ ಮಾತು ಒಂದೇ: ದೊಡ್ಡ ಪ್ಲಾನ್ ಹಾಕಿಸಿ! ಹಾಕಿಸುತ್ತಾರೆ. ಮುಂದಿನ ತಿಂಗಳೂ ಮಗನ ಮುಖ ಕಲ್ಲೇ.

ಏಕೆ? ರೋಗ ತಂತಿಯಲ್ಲಿಲ್ಲ, ಪೆಟ್ಟಿಗೆಯಲ್ಲಿದೆ. ದಾರಿ ಅಗಲ ಮಾಡಿದರೆ ಕಡವಿನ ದೋಣಿಯಲ್ಲಿ ಹೆಚ್ಚು ಜನ ಹಿಡಿಸುತ್ತಾರೆಯೇ ಮಾರಾಯ್ರೆ? ಅನೇಕ ಅಗ್ಗದ ರೌಟರುಗಳ ಕೇಬಲ್ ಕಿಂಡಿಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ಗಿಂತ ಹೆಚ್ಚು ಹಾಯುವುದೇ ಇಲ್ಲ. ಅಂಥ ಪೆಟ್ಟಿಗೆಗೆ 300ರ ಪ್ಲಾನ್ ಮಾರುವುದು ವ್ಯಾಪಾರವಲ್ಲ, ಕಿಸೆಗೆ ಕತ್ತರಿ.

ಪತ್ತೆ ಹಚ್ಚಲು ಇಂಜಿನಿಯರ್ ಬೇಕಿಲ್ಲ. ಕಂಪ್ಯೂಟರನ್ನು ಕೇಬಲ್ಲಿನಿಂದ ನೇರವಾಗಿ ರೌಟರಿಗೆ ಸಿಕ್ಕಿಸಿ. ಪೆಟ್ಟಿಗೆಯ ಬೆನ್ನ ಮೇಲಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಐವತ್ತು ಸಲ ಪಿಂಗ್ ಮಾಡಿ. ಪಿಂಗ್ ಎಂದರೆ ಕೂಗಿ ಕರೆಯುವುದು. ಓಗೊಡಲು ಎಷ್ಟು ಹೊತ್ತು ಬೇಕಾಯಿತು ಎಂಬುದೇ ಲೆಕ್ಕ. ಕೇಬಲ್ಲಿನಲ್ಲಿ ಒಂದೆರಡು ಮಿಲಿಸೆಕೆಂಡಿನಲ್ಲಿ ಓಗೊಡಬೇಕು. ಅಪರೂಪಕ್ಕೊಮ್ಮೆ ಏರಿದರೆ ಚಿಂತೆಯಿಲ್ಲ. ಮತ್ತೆ ಮತ್ತೆ ನೂರು, ಇನ್ನೂರಕ್ಕೆ ಜಿಗಿದರೆ ಪೆಟ್ಟಿಗೆಯ ಮೇಲೆಯೇ ಅನುಮಾನ ಪಡಿ. ಕೇಬಲ್ಲಿನಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ಜಿಗಿದರೆ ದೋಷ ಗಾಳಿಯ ದಾರಿಯಲ್ಲಿ: ನಮ್ಮ ದಪ್ಪ ಮುರಕಲ್ಲಿನ ಗೋಡೆ 5 ಗಿಗಾಹರ್ಟ್ಸ್ ಅಲೆಯನ್ನು ಸುಲಭದಲ್ಲಿ ಬಿಡುವುದಿಲ್ಲ, 2.4ರಲ್ಲಿ ನೆರೆಮನೆಗಳ ಗದ್ದಲ. ಪೆಟ್ಟಿಗೆಯನ್ನು ಮನೆಯ ನಡುವೆ ಎತ್ತರಕ್ಕೆ ಸರಿಸಿ ನೋಡಿ, ಖರ್ಚಿಲ್ಲ. ಟಿವಿಯ ಹಿಂದೆ ಬೆಂದು ಕೂತಿದ್ದರೆ ಮೊದಲು ಆಚೆ ತೆಗೆಯಿರಿ. ಬೇರೆ ಅಡಾಪ್ಟರ್ ಹಾಕುವುದಾದರೆ ವೋಲ್ಟ್, ಆಂಪಿಯರ್ ಹೊಂದುತ್ತದೆಯೇ ನೋಡಿಕೊಳ್ಳಿ.

ಇನ್ನೊಂದು ರೋಗವಿದೆ. ಮನೆಯಲ್ಲೊಬ್ಬರು ಫೋಟೋ ಕಳಿಸತೊಡಗಿದೊಡನೆ ಉಳಿದವರ ಕರೆ ಒದ್ದಾಡುತ್ತದೆ. ಪೆಟ್ಟಿಗೆ ಬಂದದ್ದನ್ನೆಲ್ಲ ಹೊಟ್ಟೆಯೊಳಗೆ ರಾಶಿ ಹಾಕಿ ಸಾಲು ಬೆಳೆಸುತ್ತದೆ, ಮಗನ ಮಾತು ಆ ಸಾಲಿನ ಬಾಲದಲ್ಲಿ. ಇದಕ್ಕೆ ಒಳ್ಳೆಯ ಮದ್ದನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲೇ ಪ್ರಕಟಿಸಿದರು. ಅಗ್ಗದ ಪೆಟ್ಟಿಗೆಗಳಿಗೆ ಆ ಮದ್ದು ಇಂದಿಗೂ ತಲುಪಿಲ್ಲವೆಂದರೆ ಯಾರ ಅಸಡ್ಡೆ?

ಅಮೆರಿಕದಲ್ಲಿ ಏನಾಯಿತು ಕೇಳಿ. ಅಲ್ಲಿ ಇಂಟೆಲ್‌ನ ಪ್ಯೂಮಾ 6 ಎಂಬ ಚಿಪ್ ಇದ್ದ ಕೇಬಲ್ ಮೋಡೆಮ್‌ಗಳು ಆಗಾಗ್ಗೆ ತಡವರಿಸುತ್ತಿದ್ದವು. 2016ರಲ್ಲಿ ಸಾಮಾನ್ಯ ಗ್ರಾಹಕರೇ ಪಿಂಗ್ ಲೆಕ್ಕ ಹಿಡಿದು, ದೋಷ ಚಿಪ್ಪಿನದೆಂದು ತೋರಿಸಿದರು. ತಯಾರಕರು ಒಪ್ಪಿಕೊಂಡು ತಂತ್ರಾಂಶ ತಿದ್ದುವುದಕ್ಕೆ ಇಳಿಯಬೇಕಾಯಿತು, ಅಂಥ ಮೋಡೆಮ್ ಮಾರಿದ ಕಂಪನಿಯ ಮೇಲೆ ಮೊಕದ್ದಮೆಯೂ ಬಿತ್ತು. ಅವರೇನು ನಮಗಿಂತ ಜಾಣರೇ? ಅಲ್ಲ! ಪೆಟ್ಟಿಗೆ ಮಾತಾಡುತ್ತಿದ್ದದ್ದು ಅವರ ಭಾಷೆ. ಹೂಡೆಯ ಮನೆಗೆ ಆ ಅನುಕೂಲ ಯಾರು ಕೊಟ್ಟಿದ್ದಾರೆ?

ಕೊಡಬೇಕಾದ ಕೇಂದ್ರದ ಕಾನೂನು ನೋಡಿ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಡಬ್ಬದ ಮೇಲಿನ ತಯಾರಕರ ಹೆಸರು, ಬೆಲೆ, ದೂರಿನ ವಿಳಾಸ ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡ? ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದಂತೆ! ನಮ್ಮ ನೆಲದಲ್ಲಿ ನಮ್ಮ ಭಾಷೆಗೆ ಉಪ್ಪಿನಕಾಯಿಯ ಸ್ಥಾನ. ಇನ್ನು ನಮ್ಮ ರಾಜ್ಯ ಸರ್ಕಾರ. 2025ರ ಫೆಬ್ರವರಿಯಲ್ಲಿ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲಿರಬೇಕೆಂದು ಆದೇಶಿಸಿತು. ಸ್ವಾಗತ. ಆದರೆ ಆ ಆದೇಶ ಕರ್ನಾಟಕದಲ್ಲಿ ತಯಾರಾದ ಸರಕಿಗೆ ಮಾತ್ರ. ಹೊರಗೆ ತಯಾರಾಗಿ ಇಲ್ಲಿ ಮಾರಾಟವಾಗುವ ರೌಟರ್ ರಾಜಾರೋಷವಾಗಿ ಒಳಗೆ ಬರುತ್ತದೆ. ಕರ್ನಾಟಕದಲ್ಲಿ ಮಾರುವ ಪ್ರತಿ ಪೆಟ್ಟಿಗೆಯಲ್ಲೂ ಕನ್ನಡದ ಕೈಪಿಡಿ ಇರಬೇಕು, ದೂರು ಕೇಳುವ ಪ್ರತಿ ಕಂಪನಿಯಲ್ಲೂ ಕನ್ನಡ ಬಲ್ಲ ಸಿಬ್ಬಂದಿ ಇರಬೇಕು. ಆ ಕೆಲಸ ಉಡುಪಿ, ಕಾಪು, ಕಾರ್ಕಳದ ಹುಡುಗ ಹುಡುಗಿಯರಿಗೆ ಸಿಗಬೇಕು. ಇದು ಭಿಕ್ಷೆಯಲ್ಲ!

ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. ಪ್ಲಾನ್ ಏರಿಸಿ ಎಂದವನಿಗೆ ಮೊದಲು ಪಿಂಗ್ ಲೆಕ್ಕ ಕೇಳಿ. ದೂರು ದಾಖಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ದೂರನ್ನು ಹೀಗೆ ಬರೆಯಿರಿ: "ಕೇಬಲ್ ಹಾಕಿ ನಿಮ್ಮ ರೌಟರಿಗೇ ಐವತ್ತು ಸಲ ಪಿಂಗ್ ಮಾಡಿದ್ದೇನೆ. ಇಷ್ಟು ಸಲ ನೂರು ಮಿಲಿಸೆಕೆಂಡ್ ದಾಟಿದೆ. ಪ್ಲಾನ್ ಬೇಡ, ಪೆಟ್ಟಿಗೆ ಬದಲಿಸಿ ಕೊಡಿ. ಉತ್ತರವನ್ನು ಕನ್ನಡದಲ್ಲೇ ಬರೆಯಿರಿ."