ಸಾಮ್ರಾಟನನ್ನು ಕೊಂಡ ಸಾಹುಕಾರನೇ ಫುಗ್ಗರ್?

ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದ ಸಾಹುಕಾರ ಯಾಕೋಬ್ ಫುಗ್ಗರ್‌ನ ಬಗ್ಗೆ ಬರೆಯುವವರೆಲ್ಲ 1519ರ ಲೆಕ್ಕವನ್ನು ಮುಂದಿಡುತ್ತಾರೆ. ಪವಿತ್ರ ರೋಮನ್ ಸಾಮ್ರಾಜ್ಯದ ಸಾಮ್ರಾಟನನ್ನು ಆರಿಸುವ ಏಳು ಮಂದಿಯನ್ನು ಒಲಿಸಿಕೊಳ್ಳಲು ಐದನೇ ಚಾರ್ಲ್ಸ್‌ನ ಕಡೆಯವರು ಸುರಿದದ್ದು ಸುಮಾರು 8,50,000 ಗುಲ್ಡನ್; ಅದರಲ್ಲಿ 5,43,000ಕ್ಕೂ ಹೆಚ್ಚು ಫುಗ್ಗರ್ ಕೊಟ್ಟ ಸಾಲ. ಸಾಮ್ರಾಟನನ್ನೇ ಕೊಂಡವನೆಂಬ ಖ್ಯಾತಿ ಅಲ್ಲಿಂದ ಬಂತು. ಲೆಕ್ಕದ ಬಗ್ಗೆ ನನಗೆ ತಕರಾರಿಲ್ಲ. ತೀರ್ಮಾನದ ಬಗ್ಗೆ ಇದೆ.

ಕೊಳ್ಳುವವನಿಗೆ ಬೇಡವೆಂದು ಎದ್ದುಹೋಗುವ ಸ್ವಾತಂತ್ರ್ಯವಿರಬೇಕು. ಫುಗ್ಗರ್‌ಗೆ ಅದಿತ್ತೇ? 1480ರ ದಶಕದಿಂದಲೇ ಅವನ ಮನೆತನ ಟಿರೋಲ್‌ನ ಹ್ಯಾಬ್ಸ್‌ಬರ್ಗ್ ದೊರೆ ಸಿಗಿಸ್ಮುಂಡ್‌ಗೆ, ಆಮೇಲೆ ಮ್ಯಾಕ್ಸಿಮಿಲಿಯನ್‌ಗೆ ಸಾಲ ಕೊಡುತ್ತ ಬಂದಿತ್ತು. ಸಾಲ ತೀರುತ್ತಿದ್ದುದು ಶ್ವಾಟ್ಸ್ ಗಣಿಯ ಬೆಳ್ಳಿಯಲ್ಲಿ. ದೊರೆಗೆ ಸಲ್ಲಬೇಕಾದ ಬೆಳ್ಳಿಯನ್ನು ಅಗ್ಗದ ನಿಗದಿತ ಬೆಲೆಗೆ ಪಡೆದು ಪೇಟೆಯ ಬೆಲೆಗೆ ಮಾರುವುದು. ನಡುವಿನ ವ್ಯತ್ಯಾಸವೇ ಲಾಭ. ಬಡ್ಡಿ ಪಾಪವೆಂದು ಚರ್ಚು ಸಾರುತ್ತಿದ್ದ ಕಾಲಕ್ಕೆ ಜಾಣ ಏರ್ಪಾಡೇ ಸರಿ. ಆದರೆ ಆ ಹಕ್ಕು ನಿಂತದ್ದು ಅದನ್ನು ಕೊಟ್ಟ ಮನೆತನದ ಬಲದ ಮೇಲೆ. 1519ರ ಜನವರಿಯಲ್ಲಿ ಮ್ಯಾಕ್ಸಿಮಿಲಿಯನ್ ಸತ್ತಾಗ ಹಳೆಯ ಬಾಕಿ ಉಳಿದೇ ಇತ್ತು. ಚುನಾವಣೆಯಲ್ಲಿ ಅವನ ಮೊಮ್ಮಗ ಚಾರ್ಲ್ಸ್‌ಗೆ ಎದುರಾಳಿಯಾಗಿ ನಿಂತಿದ್ದವನು ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್. ಅವನು ಗೆದ್ದಿದ್ದರೆ ಬಾಕಿಯ ಗತಿಯೇನು? ಹಳೆಯ ಸಾಲ ಮುಳುಗದಿರಲೆಂದು ಹೊಸ ಸಾಲ ಕೊಡುವ ಸಂಕಟ ಇಂದಿನ ಬ್ಯಾಂಕುಗಳಿಗೂ ಹೊಸದಲ್ಲ.

1523ರಲ್ಲಿ ಫುಗ್ಗರ್ ಚಾರ್ಲ್ಸ್‌ಗೆ ಬರೆದ ಪತ್ರವನ್ನು ಅವನ ದರ್ಪಕ್ಕೆ ಸಾಕ್ಷಿಯೆಂದು ಓದುವುದುಂಟು. ತನ್ನ ನೆರವಿಲ್ಲದೆ ಕಿರೀಟ ದಕ್ಕುತ್ತಿರಲಿಲ್ಲ ಎಂದು ಅದರಲ್ಲಿ ನೆನಪಿಸಿದ್ದಾನೆ, ನಿಜ. ಆದರೆ ಪತ್ರ ಬರೆದದ್ದೇ ಅಸಲು, ಬಡ್ಡಿ ಕೊಡಿಸಿ ಎಂದು ಕೇಳಲು. ಸಾಮ್ರಾಟ ಅವನ ಕೈಯೊಳಗಿದ್ದಿದ್ದರೆ ನಾಲ್ಕು ವರ್ಷ ಕಾದು ಹೀಗೆ ಜ್ಞಾಪಿಸಬೇಕಾಗಿತ್ತೇ?

ಹಾಗೆಂದು ಫುಗ್ಗರ್ ಪಾಪದವನೇನಲ್ಲ. ಏಕಸ್ವಾಮ್ಯದ ಆರೋಪದ ಮೇಲೆ ಸಾಮ್ರಾಜ್ಯದ ವಕೀಲ ಹೂಡಿದ್ದ ಮೊಕದ್ದಮೆಯನ್ನು ಚಾರ್ಲ್ಸನೇ ತಡೆದ. ಸಾಲಕ್ಕೆ ಬದಲಾಗಿ 1525ರಿಂದ ಚಾರ್ಲ್ಸ್ ದೊರೆಯಾಗಿದ್ದ ಸ್ಪೇನಿನಲ್ಲಿ ಆದಾಯದ ಗುತ್ತಿಗೆ, ಜೊತೆಗೆ ಅಲ್ಮಾದೇನ್‌ನ ಪಾದರಸದ ಗಣಿ ಸಿಕ್ಕಿತು. ಇದನ್ನು ಗೆಲುವು ಎನ್ನುವವರು ಅದೇ ವರ್ಷ ಹಂಗೇರಿಯಲ್ಲಿ ನಡೆದದ್ದನ್ನೂ ನೋಡಬೇಕು: ತುರ್ಜೋ ಮನೆತನದ ಜೊತೆ ಸೇರಿ ಮೂರು ದಶಕ ನಡೆಸಿದ್ದ ತಾಮ್ರದ ಗಣಿಗಳನ್ನು ಅಲ್ಲಿನ ದೊರೆ ಒಂದೇ ಏಟಿಗೆ ಮುಟ್ಟುಗೋಲು ಹಾಕಿಕೊಂಡ. ಮರುವರ್ಷ ಅವು ಮರಳಿದವು; ಅಷ್ಟರಲ್ಲಿ ಯಾಕೋಬ್ ಸತ್ತಿದ್ದ.

ಅವನ ವಾರಸುದಾರರು ಹ್ಯಾಬ್ಸ್‌ಬರ್ಗರಿಗೆ ಸಾಲ ಕೊಡುವುದನ್ನು ನಿಲ್ಲಿಸಲಿಲ್ಲ. 1557ರಲ್ಲಿ ಚಾರ್ಲ್ಸ್‌ನ ಮಗ ಎರಡನೇ ಫಿಲಿಪ್ ಸಾಲ ಕೊಟ್ಟವರಿಗೆ ಪಾವತಿ ನಿಲ್ಲಿಸಿದಾಗ, ನಷ್ಟ ಹೊತ್ತವರಲ್ಲಿ ಫುಗ್ಗರರೂ ಇದ್ದರು.